ನಾಲ್ಕು ಹಾಡು, ಒಂದು ಬೇಸ್ ಗಿಟಾರ್: ಯಮಹಾ ಟಿಆರ್‌ಬಿಎಕ್ಸ್ 174

ಅಂಗಡಿಯಲ್ಲಿ ಬೇಸ್ ಗಿಟಾರ್ ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ. ದಪ್ಪ ತಂತಿಯನ್ನು ಒಮ್ಮೆ ಜೋರಾಗಿ ಮೀಟುವುದು, ಎದೆಯಲ್ಲಿ ಗುಂಯ್ ಎಂದರೆ ತಲೆಯಾಡಿಸುವುದು. ಅದರಿಂದ ಏನೂ ಗೊತ್ತಾಗುವುದಿಲ್ಲ. ಬೇಸ್ ಹಿಡಿದವರು ಮತ್ತೆ ಮತ್ತೆ ನುಡಿಸಲು ಹಂಬಲಿಸುವ ಹಾಡುಗಳು ಕೆಲವಿವೆ, ಅವುಗಳಲ್ಲಿ ಒಂದೊಂದೂ ವಾದ್ಯದ ಒಂದೊಂದು ಗುಣವನ್ನು ಒರೆಗೆ ಹಚ್ಚುತ್ತದೆ. ಅಂಥ ನಾಲ್ಕು ಹಾಡುಗಳ ಮೇಲೆ ಈ ಬೇಸನ್ನು ತೂಗಿ ನೋಡಿದ ಲೆಕ್ಕ ಇದು.

ಯಮಹಾ ಕಂಪನಿಯ ಆರಂಭದ ದರ್ಜೆಯ ವಾದ್ಯ. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ ಎಂಬ ನಾಲ್ಕು ತಂತಿ, 34 ಇಂಚಿನ ಸ್ಕೇಲ್ (ಕಂಪಿಸುವ ತಂತಿಯ ಉದ್ದ), 24 ಫ್ರೆಟ್ (ಸ್ವರ ಒತ್ತುವ ಲೋಹದ ಅಡ್ಡಪಟ್ಟಿ), ಬೋಲ್ಟ್ ಹಾಕಿ ಕೂಡಿಸಿದ ಮೇಪಲ್ ನೆಕ್ (ಉದ್ದನೆಯ ಕತ್ತು). ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಪಿಕಪ್ ಎರಡು: ನೆಕ್ ಕಡೆ ಎರಡು ತುಂಡಾಗಿ ಕೂತ ಪಿ ಪಿಕಪ್, ತಂತಿಯ ಕೊನೆ ಸಿಕ್ಕಿಸುವ ಬ್ರಿಜ್ ಕಡೆ ಉದ್ದನೆಯ ಜೆ ಪಿಕಪ್. ಎರಡಕ್ಕೂ ಬೇರೆ ಬೇರೆ ವಾಲ್ಯೂಮ್, ಸೇರಿ ಒಂದು ಟೋನ್. ಒಳಗೆ ಬ್ಯಾಟರಿ ಇಲ್ಲ. ಬೆಳಗಾವಿಯ ಆರ್ಕೆಸ್ಟ್ರಾ ಹುಡುಗರಿಗೆ ಇದೇ ದೊಡ್ಡ ಅನುಕೂಲ: ಗಣೇಶೋತ್ಸವದ ಮಂಟಪದಲ್ಲಿ ರಾತ್ರಿ ಕಾರ್ಯಕ್ರಮದ ನಡುವೆ 9 ವೋಲ್ಟ್ ಬ್ಯಾಟರಿ ಸತ್ತರೆ ತರಲು ಯಾವ ಅಂಗಡಿಯೂ ತೆರೆದಿರುವುದಿಲ್ಲ.

ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೆಯೇ ನುಡಿಸಿ ತೀರ್ಪು ಕೊಡಬೇಡಿ. ಈ ದರ್ಜೆಯ ಯಾವ ಬೇಸೂ ಸೆಟಪ್ ಮಾಡದೆ ಸುಖ ಕೊಡುವುದಿಲ್ಲ, ಇದೂ ಅಷ್ಟೇ. ಬೆಳಗಾವಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಬಟ್ಟೆ ಒಣಗದಷ್ಟು ತೇವ, ಮಾರ್ಚ್ ಬಂತೆಂದರೆ ಒಣಹವೆ. ಮರ ತೇವ ಕುಡಿದಾಗ ನೆಕ್ ಸಾಮಾನ್ಯವಾಗಿ ಮುಂದಕ್ಕೆ ಬಾಗಿ ತಂತಿ ಎತ್ತರವಾಗುತ್ತದೆ, ಬೆರಳು ನೋಯುತ್ತದೆ. ಒಣಗಿದಾಗ ನೆಟ್ಟಗಾಗಿ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ತಂತಿ ಕಟಕಟ ಬಡಿಯುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಸಲವಾದರೂ, ಮಳೆ ಹಿಡಿದ ಮೇಲೊಮ್ಮೆ ಮತ್ತು ಬೇಸಿಗೆಗೆ ಮುಂಚೆ ಒಮ್ಮೆ, ನೆಕ್ ನೋಡಲೇಬೇಕು.

ನೋಡುವ ಕ್ರಮ ಹೀಗೆ. ಮೊದಲು ತಂತಿಗಳನ್ನು ಸರಿಯಾಗಿ ಟ್ಯೂನ್ ಮಾಡಿ. ಮೊದಲನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲಿ ಇ ತಂತಿಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಈಗ 7, 8ನೇ ಫ್ರೆಟ್ ಮೇಲೆ ತಂತಿಯ ಕೆಳಗಿನ ಸಂದನ್ನು ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತಂತಿಯನ್ನು ಎತ್ತದೆ, ಸಡಿಲವಾಗಿಯೂ ಅಲ್ಲದೆ ಒಳಗೆ ಜಾರಬೇಕು. ಅಂದರೆ ಸುಮಾರು 0.3 ಮಿ.ಮೀ. ಸಂದು ಹೆಚ್ಚಿದ್ದರೆ ನೆಕ್ ಒಳಗಿನ ಲೋಹದ ಸಲಾಕೆಯಾದ ಟ್ರಸ್ ರಾಡನ್ನು ಅಲನ್ ಕೀಯಿಂದ ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ಬಿಗಿಮಾಡಿ, ಕಡಿಮೆ ಇದ್ದರೆ ಅಷ್ಟೇ ಸಡಿಲಿಸಿ. ಮತ್ತೆ ಟ್ಯೂನ್ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ಒಂದೇ ಏಟಿಗೆ ಸರಿಮಾಡುವ ಆತುರದಲ್ಲಿ ಪೂರ್ತಿ ಸುತ್ತು ತಿರುಗಿಸಿದರೆ ರಾಡ್‌ನ ತಲೆ ಸವೆಯಬಹುದು, ರಾಡೇ ಮುರಿಯಲೂಬಹುದು. ಆಮೇಲೆ ನೆಕ್ ಬದಲಿಸುವುದೊಂದೇ ದಾರಿ. ಇದಾದ ಮೇಲೆ 12ನೇ ಫ್ರೆಟ್ ಹತ್ತಿರ ತಂತಿಯ ಎತ್ತರ ಇ ಕಡೆ 2.5 ಮಿ.ಮೀ., ಜಿ ಕಡೆ 2 ಮಿ.ಮೀ. ಬರುವ ಹಾಗೆ ಬ್ರಿಜ್ ಮೇಲೆ ತಂತಿ ಕೂರುವ ಸ್ಯಾಡಲ್ ಇಳಿಸಿ. ಈ ಅಳತೆಯಲ್ಲಿ ನಾಲ್ಕೂ ಹಾಡು ಕಿರಿಕಿರಿ ಇಲ್ಲದೆ ಬರುತ್ತವೆ.

ಮೊದಲನೆಯದು 1980ರ ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’. ಬರೆದವರೇ ಆ ತಂಡದ ಬೇಸ್ ವಾದಕ ಜಾನ್ ಡೀಕನ್. ಎತ್ತುಗಡೆ ಇ ತಂತಿ ಒಂದರ ಮೇಲೆಯೇ ಬರುತ್ತದೆ: 5ನೇ ಫ್ರೆಟ್, 3ನೇ ಫ್ರೆಟ್, ಆಮೇಲೆ ಖಾಲಿ ತಂತಿ ಮೂರು ಸಲ. ಹತ್ತು ನಿಮಿಷದಲ್ಲಿ ಸ್ವರ ಕೂಡುತ್ತವೆ, ಹಾಡು ಕೂಡಲು ತಿಂಗಳು ಹಿಡಿಯುತ್ತದೆ. ಇದರ ರುಚಿ ಇರುವುದು ಎರಡು ಸ್ವರಗಳ ನಡುವಿನ ಮೌನದಲ್ಲಿ. ಖಾಲಿ ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ, ನೀವು ನಿಲ್ಲಿಸದೆ ಅದು ನಿಲ್ಲುವುದಿಲ್ಲ. ನಿಲ್ಲಿಸಲು ಎಡಗೈಯ ಒಂದೇ ಬೆರಳಿಟ್ಟರೆ, ಅದೂ 5 ಅಥವಾ 7ನೇ ಫ್ರೆಟ್ ಮೇಲೆ ಬಿದ್ದರೆ, ತಂತಿ ಸುಮ್ಮನಾಗುವ ಬದಲು ಹಾರ್ಮೋನಿಕ್ (ಒತ್ತದೆ ಬರೀ ಮುಟ್ಟಿದಾಗ ಬರುವ ಎತ್ತರದ ಸ್ವರ) ಸಿಳ್ಳು ಹಾಕುತ್ತದೆ. ಅದಕ್ಕೇ ಎರಡು ಮೂರು ಬೆರಳನ್ನು ಒಟ್ಟಿಗೆ, ಒತ್ತದೆ, ಹಗುರವಾಗಿ ಚೆಲ್ಲಬೇಕು. ಇನ್ನೊಂದು ತೊಡಕೂ ಇದೆ. ಇ ತಂತಿಯ 5ನೇ ಫ್ರೆಟ್ಟಿನ ಸ್ವರವೂ ಖಾಲಿ ಎ ತಂತಿಯ ಸ್ವರವೂ ಒಂದೇ. ಹಾಗಾಗಿ ಅದನ್ನು ನುಡಿಸಿದಾಗಲೆಲ್ಲ ಪಕ್ಕದ ಎ ತಂತಿ ಮುಟ್ಟದೆಯೇ ಗುನುಗತೊಡಗುತ್ತದೆ. ಒತ್ತುವ ಬೆರಳನ್ನು ಸ್ವಲ್ಪ ಚಪ್ಪಟೆ ಮಲಗಿಸಿದರೆ ಅದರ ಹೊಟ್ಟೆಯೇ ಎ ತಂತಿಯನ್ನು ಮುಟ್ಟಿ ಬಾಯಿ ಮುಚ್ಚಿಸುತ್ತದೆ.

ಇಲ್ಲಿ ಟಿಆರ್‌ಬಿಎಕ್ಸ್ 174 ಮನಸ್ಸು ಗೆಲ್ಲುತ್ತದೆ. ಜೆ ಪಿಕಪ್ ಪೂರ್ತಿ ಇಳಿಸಿ, ಪಿ ಪೂರ್ತಿ ಏರಿಸಿ, ಟೋನ್ ಅರ್ಧಕ್ಕೆ ತಂದರೆ ದುಂಡಗಿನ, ಗಟ್ಟಿ ನಾದ. ಕೈಯಿಟ್ಟ ಕ್ಷಣ ಕತ್ತರಿಸಿದಂತೆ ನಿಲ್ಲುತ್ತದೆ.

ಎರಡನೆಯದು ಮೈಕಲ್ ಜಾಕ್ಸನ್‌ರ ‘ಬಿಲ್ಲಿ ಜೀನ್’, 1982ರ ‘ಥ್ರಿಲ್ಲರ್’ ಆಲ್ಬಮ್‌ನದು, ಬೇಸ್ ನುಡಿಸಿದವರು ಲೂಯಿಸ್ ಜಾನ್ಸನ್. ಎಫ್ ಶಾರ್ಪ್ ಮೈನರ್, ನಮ್ಮ ಹಾರ್ಮೋನಿಯಂ ಮಾತಿನಲ್ಲಿ ಕರಿ ಮೂರು. ಡಿ ತಂತಿಯ 4, ಎ ತಂತಿಯ 4, ಡಿ 2, ಡಿ 4, ಡಿ 2, ಎ 4, ಎ 2, ಎ 4. ಎಂಟೇ ಸ್ವರ, ಎರಡೇ ಫ್ರೆಟ್. ನಿಮಿಷಕ್ಕೆ ಸುಮಾರು 117 ಬೀಟ್ ವೇಗದಲ್ಲಿ ಹಾಡಿನ ಬಹುಪಾಲು ಇದೇ ಸುತ್ತುತ್ತದೆ. ಕೈ ಕದಲಿಸಬೇಕಿಲ್ಲ: 2ಕ್ಕೆ ತೋರುಬೆರಳು, 4ಕ್ಕೆ ಉಂಗುರದ ಬೆರಳು. ಒಂದು ಸ್ವರ ಜೋರು, ಒಂದು ಮೆಲ್ಲಗೆ ಬಂದರೆ ಕುಣಿಯುವವರ ಕಾಲೇ ತಪ್ಪುತ್ತದೆ.

ಈ ಬೇಸ್‌ನಲ್ಲಿ ಆ ಏರುಪೇರು ಬರುವುದಾದರೆ ಅದರ ಕಾರಣ ಬಹಳ ಸಲ ಬೆರಳಲ್ಲ, ಪಿಕಪ್. ಪಿ ಪಿಕಪ್‌ನ ಒಂದು ತುಂಡು ಇ ಮತ್ತು ಎ ತಂತಿಗೆ, ಇನ್ನೊಂದು ಡಿ ಮತ್ತು ಜಿ ತಂತಿಗೆ. ಈ ಹಾಡು ಎ ಮತ್ತು ಡಿ ನಡುವೆ, ಅಂದರೆ ಸರಿಯಾಗಿ ಆ ಎರಡು ತುಂಡುಗಳ ನಡುವೆಯೇ ಜಿಗಿಯುತ್ತದೆ. ಒಂದು ತುಂಡು ತುಸು ಮೇಲೆ, ಒಂದು ಕೆಳಗೆ ಇದ್ದರೆ ತಕ್ಷಣ ಕಿವಿಗೆ ಬೀಳುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದು, ತಂತಿಗೂ ಪಿಕಪ್‌ಗೂ ಇರುವ ಅಂತರವನ್ನು ಇ ಕಡೆ 3 ಮಿ.ಮೀ., ಜಿ ಕಡೆ 2 ಮಿ.ಮೀ. ಹತ್ತಿರ ಇಡಿ, ಆಮೇಲೆ ಇದೇ ಎಂಟು ಸ್ವರ ನುಡಿಸುತ್ತ ಸ್ಕ್ರೂವನ್ನು ಅರ್ಧರ್ಧ ಸುತ್ತು ತಿರುಗಿಸಿ ಸಮ ಮಾಡಿ. ಸೌಂಡ್ ಜಾಸ್ತಿ ಬರಲೆಂದು ಪಿಕಪ್ಪನ್ನು ತಂತಿಗೆ ಅಂಟಿಸಿದಂತೆ ಏರಿಸಬಾರದು. ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ನಡುಗುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಕೂಡುವುದಿಲ್ಲ.

ಪಿಂಕ್ ಫ್ಲಾಯ್ಡ್ ತಂಡದ 1973ರ ‘ಮನಿ’ ಏಳು ಬೀಟ್‌ನ ಹಾಡು. ಎ ತಂತಿಯ 2ನೇ ಫ್ರೆಟ್‌ನಿಂದ ಹೊರಟು ಜಿ ತಂತಿಯ 4ಕ್ಕೆ ಹಾರಿ, ಡಿ ತಂತಿಯ 4ರ ಮೇಲೆ ಇಳಿದು ಮತ್ತೆ ಎ ತಂತಿಗೆ ಬರುತ್ತದೆ. ಆಮೇಲೆ ಇ 2, ಇ 5, ಎ 2, ಎ 5. ಪಾಶ್ಚಾತ್ಯ ಹಾಡು ಕಲಿತವರಿಗೆ ಏಳು ಎಣಿಸುವುದೇ ಕಷ್ಟ. ನಮ್ಮ ಕಡೆ ಭಜನೆಯಲ್ಲಿ, ಸಂಗೀತ ಕ್ಲಾಸಿನಲ್ಲಿ ಹಿಂದೂಸ್ತಾನಿ ರೂಪಕ ತಾಳ ಕೇಳಿ ಬೆಳೆದವರಿಗೆ ಮೂರು, ಎರಡು, ಎರಡು ರಕ್ತದಲ್ಲೇ ಇದೆ, ತಬಲಾದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡಿ. ಒಂದು ಎಚ್ಚರ: ರೂಪಕದ ಸಮ್, ಅಂದರೆ ಮೊದಲ ಮಾತ್ರೆ, ಹಗುರ ಏಟಾದ ಖಾಲಿಯ ಮೇಲೆ ಬೀಳುತ್ತದೆ, ಇಲ್ಲಿ ಮೊದಲ ಬೀಟೇ ಭಾರ. ನಡುವೆ ಗಿಟಾರ್ ಸೋಲೋ ಬಂದಾಗ ಲಯ ನಾಲ್ಕಕ್ಕೆ ಹೊರಳುತ್ತದೆ. ಆ ಹೊರಳು ಬೇಸ್‌ನವರ ಕೈಯಲ್ಲಿದೆ, ಅದನ್ನು ತಪ್ಪದೆ ದಾಟಿದ ಗಳಿಗೆಯ ಖುಷಿ ಬೇರೆ ಯಾವ ಹಾಡಿನಲ್ಲೂ ಸಿಗುವುದಿಲ್ಲ. ಎರಡೂ ಪಿಕಪ್ ಪೂರ್ತಿ ಏರಿಸಿ ನುಡಿಸಿ. ಕೆಳಗಿನ ಸ್ವರಕ್ಕೂ ಮೇಲಿನ ಆಕ್ಟೇವ್‌ಗೂ ಶ್ರುತಿ ಕೂಡದಿದ್ದರೆ 12ನೇ ಫ್ರೆಟ್ ಮೇಲಿನ ಹಾರ್ಮೋನಿಕ್ಕನ್ನು ಅದೇ ಫ್ರೆಟ್ ಒತ್ತಿದ ಸ್ವರದ ಜೊತೆ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ.

ಇನ್ನು ನಮ್ಮ ಹಾಡು. 1981ರ ‘ಗೀತಾ’ ಚಿತ್ರದ ‘ಜೊತೆಯಲಿ ಜೊತೆ ಜೊತೆಯಲಿ’. ಇಳಯರಾಜಾ ಅವರ ಹಾಡುಗಳಲ್ಲಿ ಬೇಸ್ ಬರೀ ಆಧಾರದ ಸ್ವರ ಹಿಡಿದು ಕೂರುವುದಿಲ್ಲ, ಹಾಡಿನ ಕೆಳಗೆ ತನ್ನದೇ ಇನ್ನೊಂದು ಹಾಡು ಹಾಡುತ್ತ ಹೋಗುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಎಸ್‌ಪಿಬಿ, ಜಾನಕಿಯವರ ದನಿಯನ್ನು ಕ್ಷಣ ಮರೆತು ಕೆಳಗಿನ ಸಾಲನ್ನಷ್ಟೇ ಹಿಂಬಾಲಿಸಿ. ಮೊದಲು ಅದನ್ನು ಬಾಯಲ್ಲಿ ಗುನುಗಲು ಬರಬೇಕು, ಆಮೇಲೆ ಬೆರಳಿಗೆ. ಕೀಬೋರ್ಡ್‌ನವರು ಬರೆದುಕೊಟ್ಟ ಕಾರ್ಡ್ (ಸ್ವರಗುಚ್ಛ) ನೋಡಿ ಬರೀ ಮೂಲ ಸ್ವರ ಒತ್ತಿದರೆ ಹಾಡು ಅರ್ಧಕ್ಕರ್ಧ ಸತ್ತಂತೆಯೇ.

ಇದನ್ನು ವೇದಿಕೆಯಲ್ಲಿ ನುಡಿಸುವಾಗ ಬರುವ ಕಷ್ಟ ಒಂದೇ. ಹಾಡುವವರು ಮೈಕ್ ಹಿಡಿದು ನಿಂತ ಮೇಲೆ ಹಿಂದೆ ತಿರುಗಿ, ‘ಅಣ್ಣಾ, ಒಂದ್ ಪಟ್ಟಿ ಇಳಸ್ರಿ’ ಎನ್ನುತ್ತಾರೆ. ಕೀಬೋರ್ಡ್‌ನವರಿಗೆ ಟ್ರಾನ್ಸ್‌ಪೋಸ್ ಬಟನ್ ಒಂದು ಸಲ ಒತ್ತಿದರಾಯಿತು. ಬೇಸ್‌ಗೆ ಅಂಥ ಬಟನ್ ಇಲ್ಲ. ಅದಕ್ಕೆ ಆರ್ಕೆಸ್ಟ್ರಾದ ಯಾವ ಹಾಡನ್ನೂ ಖಾಲಿ ತಂತಿ ಬಳಸದೆ ಕಲಿಯಿರಿ, ಆಗ ಕೈಯನ್ನು ಒಂದು ಫ್ರೆಟ್ ಹಿಂದೆ ಸರಿಸಿದರೆ ಪಟ್ಟಿ ಇಳಿಯುತ್ತದೆ. ಖಾಲಿ ಇ ಮೇಲೆ ನಿಂತ ಹಾಡಾದರೆ ಎ ತಂತಿಯ 7ನೇ ಫ್ರೆಟ್‌ನಿಂದ ಅಭ್ಯಾಸ ಮಾಡಿಡಿ, ಅರ್ಧ ಸ್ವರ ಇಳಿಸಿದಾಗ 6ಕ್ಕೆ ಬಂದರೆ ಸಾಕು. ಸ್ವಲ್ಪ ತೆಳುವಾಗುತ್ತದೆ, ನಿಜ. ಈ ಬೇಸ್‌ನ ನೆಕ್ ತೆಳ್ಳಗಿರುವುದರಿಂದ ಮೇಲೆ ಕೆಳಗೆ ಓಡಾಡಲು ಕೈ ಸೋಲುವುದಿಲ್ಲ. ಸದಾ ಇ ಕೆಳಗಿನ ಸ್ವರ ಬೇಕಾಗುವವರು ಐದು ತಂತಿಯದನ್ನೇ ನೋಡಬೇಕು, ಇದು ಅವರಿಗಲ್ಲ.

ಕೊರತೆ ಇರುವುದು ಜೆ ಪಿಕಪ್‌ನಲ್ಲಿ. ಅದು ಸಿಂಗಲ್ ಕಾಯಿಲ್, ಹತ್ತಿರದಲ್ಲಿ ಎಲ್‌ಇಡಿ ಲೈಟ್, ಡಿಮ್ಮರ್ ಇದ್ದರೆ ಝಂಯ್ ಎನ್ನುತ್ತದೆ. ಪಿ ಪಿಕಪ್‌ನ ಎರಡು ತುಂಡು ಒಂದರ ಗದ್ದಲವನ್ನು ಇನ್ನೊಂದು ಕಳೆಯುವ ಹಾಗೆ ಸುತ್ತಿರುತ್ತವೆ, ಆದ್ದರಿಂದ ಮಂಟಪದಲ್ಲಿ ಜೆ ಇಳಿಸಿ ಪಿ ಒಂದರ ಮೇಲೆ ನುಡಿಸುವುದೇ ಚೊಲೊ. ತಂತಿ ಮುಟ್ಟಿದಾಗ ಗದ್ದಲ ಕಡಿಮೆಯಾದರೆ ಬೇಸ್‌ನ ಒಳಗಿನ ಅರ್ತಿಂಗ್ ತಂತಿ ಸರಿಯಿದೆ ಎಂದರ್ಥ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿದಾಗ ಚುರ್ ಎಂದರೆ ಅಲ್ಲಿಗೇ ನಿಲ್ಲಿಸಿ. ಇದು ಜೀವದ ವಿಷಯ. ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ಸರಿಪಡಿಸುವ ತನಕ ನುಡಿಸಬೇಡಿ, ಗದ್ದಲ ಹೋಗಲೆಂದು ಆಂಪ್‌ನ ಮೂರನೇ ಪಿನ್ ಎಂದೂ ಕತ್ತರಿಸಬೇಡಿ.

ಇದರಂಥ ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸನ್ನು ನೇರ ಮಿಕ್ಸರ್‌ನ ಲೈನ್ ಇನ್‌ಗೆ ಚುಚ್ಚಿದರೆ ನಾದ ಮಂಕಾಗುತ್ತದೆ, ನಡುವೆ ಬೇಸ್‌ನ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಡಿಐ ಬಾಕ್ಸ್ ಇರಲಿ. ಬೇಸ್ ಕೇಳಿಸುತ್ತಲೇ ಇಲ್ಲ ಎಂಬ ದೂರು ಬಂದರೆ ಮೊದಲು ಮಿಕ್ಸರ್‌ನ ನಿಮ್ಮ ಚಾನೆಲ್‌ನಲ್ಲಿ ಲೋ ಕಟ್ ಬಟನ್ ಒತ್ತಿದೆಯೇ ನೋಡಿ. ಸಾಮಾನ್ಯವಾಗಿ ಅದು 80 ಅಥವಾ 100 ಹರ್ಟ್ಸ್ ಕೆಳಗಿನದನ್ನು ಸೋಸಿಬಿಡುತ್ತದೆ, ಇ, ಎ, ಡಿ ಮೂರೂ ಖಾಲಿ ತಂತಿಗಳ ಮೂಲ ನಾದ ಅದಕ್ಕಿಂತ ಕೆಳಗೇ ಇದೆ.

ತಂತಿ 45–105 ಅಳತೆಯ ನಿಕಲ್ ರೌಂಡ್‌ವೂಂಡ್ (ದುಂಡು ಸರಿಗೆ ಸುತ್ತಿದ್ದು) ಸಾಕು. ಹಳೆಯ ಚಿತ್ರಗೀತೆಗಳೇ ಹೆಚ್ಚು ನುಡಿಸುವವರು ಬ್ರಿಜ್ ಮುಂದೆ ತಂತಿಗಳ ಕೆಳಗೆ ಒಂದು ಪಟ್ಟಿ ಸ್ಪಂಜ್ ಸಿಗಿಸಿ ನೋಡಿ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ ಬೇಸ್‌ನಲ್ಲಿ ಸ್ಪಂಜೂ ಫ್ಲಾಟ್‌ವೂಂಡ್ (ಚಪ್ಪಟೆ ಸರಿಗೆ ಸುತ್ತಿದ) ತಂತಿಯೂ ಇಟ್ಟುಕೊಂಡೇ ನುಡಿಸುತ್ತಿದ್ದರು. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿ ಬಡಿದು ನುಡಿಸುವುದು) ಇದರ ಮೇಲೆ ಬರುತ್ತದೆ, ಆದರೆ ಹೊಳಪು ಕಡಿಮೆ.

ಕೊಳ್ಳುವಾಗ ಬೆಳಗಾವಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿ, ಕೊಲ್ಲಾಪುರಕ್ಕೆ ಹೋದರೂ ಸರಿ, ಕೈಯಲ್ಲಿ ಹಿಡಿಯದೆ ಕೊಳ್ಳಬೇಡಿ. ನಾಲ್ಕೂ ತಂತಿಯ ಮೇಲೆ 24 ಫ್ರೆಟ್‌ವರೆಗೆ ಒಂದೊಂದಾಗಿ ನುಡಿಸಿ, ಯಾವ ಫ್ರೆಟ್‌ನಲ್ಲಿ ಸ್ವರ ಥಟ್ಟನೆ ಸಾಯುತ್ತದೆ ಗಮನಿಸಿ. ನೆಕ್‌ನ ಅಂಚಿಗೆ ಅಂಗೈ ಸವರಿ, ಫ್ರೆಟ್ ತುದಿ ಚುಚ್ಚಿದರೆ ಬೇರೆ ಪೀಸ್ ಕೇಳಿ. ಮೂರೂ ನಾಬ್ ತಿರುಗಿಸುವಾಗ ಕರಕರ ಬರಬಾರದು. ಜ್ಯಾಕ್‌ನ ನಟ್ ಸಡಿಲವಿದ್ದರೆ ಅಲ್ಲೇ ಸ್ಪ್ಯಾನರ್‌ನಿಂದ ಬಿಗಿಮಾಡಿಸಿ, ಬರೀ ಕೈಯಲ್ಲಿ ತಿರುಚಿದರೆ ಒಳಗಿನ ಬೆಸುಗೆ ಕಿತ್ತು ಮೊದಲ ಕಾರ್ಯಕ್ರಮದಲ್ಲೇ ಬೇಸ್ ಮೂಕವಾಗುತ್ತದೆ.