ಜಯದೇವ ಸರ್ಕಲ್ ಹತ್ರದ ಝೆರಾಕ್ಸ್ ಅಂಗಡಿ: ಪ್ರಿಂಟ್ ಸೂಪರ್, ಬೈಂಡಿಂಗ್ ಮಾತ್ರ ನಿಂತು ಮಾಡ್ಸಿ

ಎಂಎ ಹಿಸ್ಟರಿ ಪ್ರಾಜೆಕ್ಟ್‌ಗೆ ಅಮೆರಿಕದ 3ನೇ ಪ್ರೆಸಿಡೆಂಟ್ ಥಾಮಸ್ ಜೆಫರ್ಸನ್‌ಗೆ ಜನ ಬರೆದ ಪತ್ರ, ಅರ್ಜಿಗಳ ಪ್ರಿಂಟ್ ಬೇಕಿತ್ತು, ಹಳೇ ಕೈಬರಹದ ಸ್ಕ್ಯಾನು ನೋಡಿ, ಬೇರೆ ಕಡೆ ಕೊಟ್ಟಾಗ ಹಾಳೆ ತುಂಬ ಬರೀ ಕಪ್ಪು ಬಂದಿತ್ತು. ಇಲ್ಲಿ ಅಣ್ಣಾರು ಒಂದೊಂದು ಪುಟಕ್ಕೂ ಕಾಂಟ್ರಾಸ್ಟ್ ಸೆಟ್ ಮಾಡಿ, ಮೊದ್ಲು ಒಂದು ಹಾಳೆ ತೆಗ್ದು ತೋರ್ಸಿ ಆಮೇಲೆ ಉಳಿದಿದ್ದು ಹಾಕಿದ್ರು, ಕಾಗದ ಮಡಚಿದ ಗೆರೆನೂ ಕಾಣ್ತೈತೆ!

ಅಮೆರಿಕದ ಡ್ಯಾನ್‌ಬರಿ ಕಡೆಯ ಬ್ಯಾಪ್ಟಿಸ್ಟರು (ಕ್ರೈಸ್ತರಲ್ಲೇ ಒಂದು ಪಂಗಡ) 1801ರ ಅಕ್ಟೋಬರ್‌ನಲ್ಲಿ ಬರೆದ ಪತ್ರ ಐತಲ್ಲ, ನಮ್ಮ ಧರ್ಮ ನಾವು ಆಚರಿಸೋದು ನಮ್ಮ ಹಕ್ಕು, ಯಾರೋ ದಯೆ ತೋರ್ಸಿ ಕೊಡೋದಲ್ಲ ಅನ್ನೋ ಅರ್ಥದ್ದು, ಅದನ್ನ ಅಂಗಡಿ ಮುಂದೆ ನಿಂತೇ ಓದ್ದೆ. 1802ರ ಜನವರಿ 1ಕ್ಕೆ ಜೆಫರ್ಸನ್ ಉತ್ತರನೂ ಬರೆದ್ರು. ವಿದೇಶ ವ್ಯಾಪಾರಕ್ಕೆ ಹಡಗು ಹೋಗದಂಗೆ ತಡೆದ 1807ರ ಎಂಬಾರ್ಗೋ ಕಾಯ್ದೆ ಬಂದು ಹಡಗೆಲ್ಲ ಬಂದರಲ್ಲೇ ನಿಂತಾಗ ಕೆಲಸ ಹೋದ ನಾವಿಕರು ಬರೆದದ್ದು ಓದಿದ್ರೆ ಕರುಳು ಚುರ್ ಅನ್ನುತ್ತೆ, ನಮ್ಮ ಡಿಸಿ ಆಫೀಸ್ ಮುಂದೆ ಅರ್ಜಿ ಹಿಡ್ಕೊಂಡು ಬಿಸಿಲಲ್ಲಿ ನಿಂತವ್ರೇ ಕಣ್ಮುಂದೆ ಬಂದ್ರು.

ಬೇಜಾರು ಒಂದೇ, ಸ್ಪೈರಲ್ ಹಾಕೋ ಹುಡುಗ ಅಂಚು ಬಿಡದೆ ತೂತು ಹೊಡ್ದು ನಾಲ್ಕು ಪತ್ರದಲ್ಲಿ ತಾರೀಕೇ ಹೋಯ್ತು. ಹೇಳಿದ ತಕ್ಷಣ ದುಡ್ಡು ತಗೊಳ್ದೆ ಮತ್ತೆ ತೆಗ್ದು ಕೊಟ್ರು.