ತೂಕ ಇಳಿಸಲು ಯಾರ ಜೊತೆ: ಮನೆಯವರಾ, ವಾಕಿಂಗ್ ಗೆಳತಿಯಾ, ವಾಟ್ಸಾಪ್ ಗುಂಪಾ?

ಖರ್ಚು ಮೂರರಲ್ಲೂ ಇಲ್ಲವೇ ಇಲ್ಲ ಅನ್ನಬಹುದು. ಅದನ್ನು ಬಿಡಿ.

ಊಟದ ವಿಷಯದಲ್ಲಿ ಮನೆಯವರಿಗೆ ಸಾಟಿಯಿಲ್ಲ. ಒಂದೇ ಅಡುಗೆಮನೆ, ಒಂದೇ ಎಣ್ಣೆ ಡಬ್ಬ. ಮುದ್ದೆ ಸಣ್ಣದಾಗಿ, ಬಸ್ಸಾರಿನ ಸೊಪ್ಪು ಕಾಳು ಜಾಸ್ತಿ ಬಡಿಸಿದರೆ ಅರ್ಧ ಕೆಲಸ ಆಯಿತು. ಆದರೆ "ಸೊರಗಿ ಹೋಗಿದ್ದೀಯ, ಇನ್ನೊಂದು ಒಬ್ಬಟ್ಟು ಹಾಕಿಸ್ಕೋ" ಅನ್ನುವವರೂ ಅವರೇ ಅಲ್ವಾ! ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಮಾತ್ರ ಮನೆಯವರಿಗೆ ಗೊತ್ತಿರಲೇಬೇಕು. ಊಟ ಕಡಿಮೆಯಾದಾಗ ಸಕ್ಕರೆ ತೀರಾ ಇಳಿಯಬಹುದು, ಡಾಕ್ಟರನ್ನೂ ಕೇಳಿ.

ಬೆಳಿಗ್ಗೆ ಏಳಲು ಸೋಮಾರಿತನವೇ? ಹಾಗಾದರೆ ಪಕ್ಕದ ಬೀದಿಯ ಗೆಳತಿಯೇ ಸರಿ. ಕುಕ್ಕರಹಳ್ಳಿ ಕೆರೆ ಗೇಟಿನ ಹತ್ತಿರ ಅವಳು ಕಾಯುತ್ತಿದ್ದರೆ ನೀವು ಹೊದ್ದು ಮಲಗಲಾರಿರಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಆಮೇಲೆ ನೋಡಿಕೊಳ್ಳಿ. ಮಂಡಿನೋವಿದ್ದರೆ ಬೇಡವೇ ಬೇಡ. ಅವಳು ಊರಿಗೆ ಹೋದರೆ ನಿಮ್ಮ ವಾಕಿಂಗೂ ನಿಲ್ಲುತ್ತದೆ, ಅದೊಂದು ತೊಂದರೆ.

ಪಾಳಿ ಕೆಲಸದವರಿಗೆ, ಹೊರಗೆ ಹೋಗಲಾಗದವರಿಗೆ ವಾಟ್ಸಾಪ್ ಗುಂಪು ಅನುಕೂಲ. ದಿನಾ ತೂಕ ಹಾಕುವ ಪೈಪೋಟಿ ಮಾತ್ರ ನನಗೆ ಇಷ್ಟವಿಲ್ಲ. ನೀರಿನಿಂದಲೇ ತೂಕ ದಿನದಿನಕ್ಕೆ ಏರಿಳಿಯುತ್ತದೆ, ಸುಮ್ನೆ ಬೇಜಾರು. ವಾರಕ್ಕೆ ಅರ್ಧದಿಂದ 1 ಕಿಲೋ ಇಳಿದರೆ ಸಾಕು. ಗುಂಪಿನಲ್ಲಿ ಪುಡಿ, ಶೇಕ್ ಮಾರಲು ಶುರುಮಾಡಿದರೆ ಹೊರಬನ್ನಿ.