ಸಂಜೆ 7ರ ಮೀಟಿಂಗ್: 5 ವರ್ಷ ಹೋದ ಮೇಲೆ ಬರೆಯುತ್ತಿದ್ದೇನೆ

ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ತಮ್ಮ ಕತೆ ಹೇಳಿಕೊಳ್ಳುವ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಅದರ ಮೀಟಿಂಗಿಗೆ ಮೊದಲ ಸಲ ಕಾಲಿಟ್ಟು 5 ವರ್ಷ ಆಯಿತು. ಕುಡಿತ ಬಿಟ್ಟು 4 ವರ್ಷ 2 ತಿಂಗಳು. ನಡುವಿನ 10 ತಿಂಗಳು ಎಲ್ಲಿ ಹೋಯಿತು ಅಂತ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ನನಗೆ ಹೊಂದದ ಮೀಟಿಂಗಿನಲ್ಲಿ ಕೂತು, ಎ.ಎ.ಯೇ ನನಗೆ ಆಗಿಬರುವುದಿಲ್ಲ ಅಂದುಕೊಂಡು ಮತ್ತೆ ಬಾಟಲಿ ಹಿಡಿದಿದ್ದೆ.

ಅದಕ್ಕೂ ಮೊದಲು ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ದಯವಿಟ್ಟು ಮನೆಯಲ್ಲೇ ದಿಢೀರ್ ಅಂತ ನಿಲ್ಲಿಸಬೇಡಿ. ನಾನು ಹಾಗೆ ಮಾಡಿದೆ. ಮೊದಲ ದಿನ ಕೈ ನಡುಕ, ಎರಡನೇ ದಿನ ಫಿಟ್ಸ್. ಇದರಿಂದ ಜೀವವೇ ಹೋಗಬಹುದು ಅಂತ ಆಮೇಲೆ ಡಾಕ್ಟರು ಹೇಳಿದರು. ಮೊದಲು ಆಸ್ಪತ್ರೆ, ಆಮೇಲೆ ಮೀಟಿಂಗ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಬೇರೆ ವಿಭಾಗ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ನನ್ನ ಮೊದಲ ಗುಂಪು ಭಾನುವಾರ ಬೆಳಿಗ್ಗೆ ಸೇರುತ್ತಿತ್ತು, ಇಂಗ್ಲಿಷಿನಲ್ಲಿ. ಒಳ್ಳೆಯ ಜನ. ನನಗೆ ಇಂಗ್ಲಿಷ್ ಬರುತ್ತದೆ, ಕೆಲಸದಲ್ಲಿ ಮಾತಾಡುತ್ತೇನೆ. ಆದರೆ ಹೆಂಡತಿಯ ಸರವನ್ನು ಗಿರವಿ ಇಟ್ಟು ಕುಡಿದ ದಿನದ ಕತೆಯನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅದು ಯಾರದೋ ಕತೆಯ ಹಾಗೆ ಕೇಳಿಸಿತು. ನನಗೇ ನಾಚಿಕೆ ಆಗಲಿಲ್ಲ, ಅಳುವೂ ಬರಲಿಲ್ಲ. ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಹೊಳೆಯಿತು. ಭಾನುವಾರ ಬೆಳಿಗ್ಗೆ ನನಗೆ ಯಾವತ್ತೂ ಕುಡಿಯಬೇಕು ಅನ್ನಿಸುತ್ತಿರಲಿಲ್ಲ. ಅನ್ನಿಸುತ್ತಿದ್ದುದು ವಾರದ ದಿನ, ಶಿಫ್ಟ್ ಮುಗಿಸಿ ಬಸ್ ಸ್ಟಾಪಿಗೆ ನಡೆಯುವಾಗ, ಸಂಜೆ 7ಕ್ಕೆ. ಆ ಹೊತ್ತಿಗೆ ನನಗೆ ಹೋಗಲು ಬೇರೆ ಜಾಗ ಇರಲಿಲ್ಲ. ಬಾರ್ ಮಾತ್ರ ಇತ್ತು.

ಎ.ಎ.ಗೆ ಎರಡನೇ ಸಲ ಫೋನ್ ಮಾಡಿದಾಗ ಆ ಕಡೆ ಇದ್ದ ಹಿರಿಯರು, "ನೋಡಪ್ಪ, ಬೇರೆ ಬೇರೆ ಕಡೆ ಆರು ಮೀಟಿಂಗ್ ಕೂತು ನೋಡು. ಆಮೇಲೆ ಬೇಡ ಅನ್ನು" ಅಂದರು. ಅವರಿಗೆ ನಾನು ಋಣಿ. ಒಂದು ಕಡೆ ಜನ ತುಂಬಾ ಜಾಸ್ತಿ, ಮಾತಿನ ಸರದಿಯೇ ಬರಲಿಲ್ಲ. ಇನ್ನೊಂದು ಕಡೆ ಒಬ್ಬರು, ಡಾಕ್ಟರು ಕೊಟ್ಟ ಮಾತ್ರೆಯನ್ನೂ ಬಿಟ್ಟುಬಿಡು ಅಂದರು. ಇದನ್ನು ಯಾರೇ ಹೇಳಿದರೂ ಕೇಳಬೇಡಿ. ಮಾತ್ರೆಯ ವಿಷಯ ಡಾಕ್ಟರಿಗೆ ಬಿಟ್ಟದ್ದು. ನಾನು ನನ್ನ ಡಾಕ್ಟರನ್ನು ಕೇಳಿ ಮುಂದುವರಿಸಿದೆ.

ನಾಲ್ಕನೆಯದು ಒಂದು ಶಾಲೆಯ ಕೋಣೆ. ಮಂಗಳವಾರ ಮತ್ತು ಶುಕ್ರವಾರ, ಸಂಜೆ 7ಕ್ಕೆ, ಕನ್ನಡದಲ್ಲಿ. ಮಕ್ಕಳ ಬೆಂಚು, ಮಂಡಿ ತಾಗುತ್ತದೆ. ಹತ್ತು ಹದಿನೈದು ಜನ. ಮೊದಲ ದಿನ ಆಟೋ ಓಡಿಸುವ ಒಬ್ಬರು, ಕ್ವಾರ್ಟರ್ ಬಾಟಲಿಯನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಡುತ್ತಿದ್ದೆ, ಅದು ಮಗಳ ಕೈಗೆ ಸಿಕ್ಕಿತು ಅಂತ ಹೇಳಿದರು. ನಾನು ಬಚ್ಚಿಡುತ್ತಿದ್ದುದು ಸ್ಕೂಟರಿನ ಡಿಕ್ಕಿಯಲ್ಲಿ. ಮೈ ಜುಮ್ಮೆಂದಿತು. ಮೂರನೇ ವಾರ ಸರದ ಕತೆ ಹೇಳಿದೆ. ಅರ್ಧದಲ್ಲೇ ಗಂಟಲು ಕಟ್ಟಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ಹೊರಗೆ ಬಂದಾಗ ಆ ಆಟೋದವರು ಇಷ್ಟೇ ಅಂದರು: "ಶುಕ್ರವಾರ ಬನ್ನಿ ಸಾರ್." ಈಗ ಅವರೇ ನನ್ನ ಸ್ಪಾನ್ಸರ್, ಅಂದರೆ ಎ.ಎ.ಯಲ್ಲಿ ನನಗೆ ದಾರಿ ತೋರಿಸುವ ಹಳಬರು.

1935ರಲ್ಲಿ ಅಮೆರಿಕದ ಆ್ಯಕ್ರನ್ ಊರಿನಲ್ಲಿ ಎ.ಎ. ಶುರುವಾದದ್ದೂ ಹೀಗೆಯೇ, ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ. ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಸರ್ಜನ್.

ಫೀಸು ಇಲ್ಲ. ಡಬ್ಬಿ ಬರುತ್ತದೆ, ಇದ್ದಷ್ಟು ಹಾಕಬಹುದು, ಹಾಕದಿದ್ದರೂ ಯಾರೂ ಕೇಳುವುದಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರುವವರಿಗೆ ಮಾತ್ರ, ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು. ನನ್ನ ಹೆಂಡತಿ ಒಮ್ಮೆ ಬಂದಳು. ಆಮೇಲೆ ಅವಳು ಮನೆಯವರಿಗಾಗಿಯೇ ಇರುವ ಅಲ್-ಅನಾನ್ ಗುಂಪಿಗೆ ಹೋಗಲು ಶುರು ಮಾಡಿದಳು. ಮನೆಯಲ್ಲಿ ಮಾತು ಹಿಂತಿರುಗಿದ್ದು ಅದರಿಂದ.

ಕೊರತೆಗಳೂ ಇವೆ. ನಮ್ಮ ಗುಂಪಿನಲ್ಲಿ ಹೆಂಗಸರೇ ಇಲ್ಲ. ಒಬ್ಬ ಅಕ್ಕ ಬಂದಿದ್ದರು, ಅಷ್ಟೂ ಗಂಡಸರನ್ನು ನೋಡಿ ಮತ್ತೆ ಬರಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅಂಥವರಿಗೆ ಹೆಂಗಸರಷ್ಟೇ ಸೇರುವ ಮೀಟಿಂಗ್ ಇವೆ, ಜೂಮ್‌ನಲ್ಲೂ ಸಿಗುತ್ತವೆ. ಕುಡಿತದಿಂದ ಹೊರಬರಲು ಎ.ಎ. ಹೇಳುವ 12 ಮೆಟ್ಟಿಲುಗಳಲ್ಲಿ, ಅಂದರೆ 12 ಹಂತಗಳಲ್ಲಿ, ದೇವರ ಮಾತು ಬರುತ್ತದೆ. "ನಾವು ಅರಿತುಕೊಂಡಂತೆ" ಅಂತ ಜೊತೆಗೇ ಇದ್ದರೂ ಕೆಲವರಿಗೆ ಅದು ಒಗ್ಗುವುದಿಲ್ಲ.

ಹಳ್ಳಿಯಲ್ಲಿ ಎ.ಎ. ಎಲ್ಲ ಕಡೆ ಇಲ್ಲ ಅಲ್ವಾ. ಹಾಸನದ ಕಡೆ ಇರುವ ನನ್ನ ಚಿಕ್ಕಪ್ಪನ ಮಗ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಕ್ಕೆ ಹೋದ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜೊತೆಗೂಡಿ ನಡೆಸುವ ಶಿಬಿರ ಅದು. ಶಿಬಿರಕ್ಕಿಂತ ಅವನನ್ನು ಹಿಡಿದು ನಿಲ್ಲಿಸಿದ್ದು, ಆಮೇಲೆ ಸೇರುವ ನವಜೀವನ ಸಮಿತಿ. ಅಲ್ಲಿರುವವರೆಲ್ಲ ಅವನ ಊರಿನ ಸುತ್ತಮುತ್ತ ಕುಡಿತ ಬಿಟ್ಟವರೇ. ಒಬ್ಬ ಸಂತೆಗೆ ಹೊರಟರೆ ಇನ್ನೊಬ್ಬ ಜೊತೆಗೆ ಹೋಗುತ್ತಾನಂತೆ.

ನಿನ್ನೆ ರಾತ್ರಿ ಒಬ್ಬ ಹುಡುಗ ಫೋನ್ ಮಾಡಿದ್ದ. "ಇಂಗ್ಲಿಷಿನಲ್ಲಿ ಮಾತಾಡಬೇಕಾ ಅಣ್ಣ?" ಅಂತ ಕೇಳಿದ. ಬೇಡಪ್ಪ, ಮಾತಾಡದೆ ಸುಮ್ನೆ ಕೂತರೂ ನಡೆಯುತ್ತದೆ ಅಂದೆ. ಇವತ್ತು ಮಂಗಳವಾರ. ಆರೂಮುಕ್ಕಾಲಿಗೆ ಶಾಲೆಯ ಗೇಟಿನ ಹತ್ತಿರ ನಿಂತಿರುತ್ತೇನೆ ಅಂತ ಹೇಳಿದ್ದೇನೆ.